ಸಹಾಯ ಬೇಕು: ಆರ್‌ಎಫ್ ಟೈಟರ್, ಆಂಟಿ-ಸಿಸಿಪಿ, ಮಕ್ಕಳ ಎಎನ್‌ಎ ನಮ್ಮ ಜಿಲ್ಲೆಯಲ್ಲಿ ಎಲ್ಲಿ ಆಗುತ್ತದೆ?

ಎಲ್ಲರಿಗೂ ನಮಸ್ಕಾರ. ನಾವು ಉತ್ತರ ಕನ್ನಡ ಜಿಲ್ಲೆಯ ಶಿರಸಿಯ ಲ್ಯಾಬಿನವರು. ಆರ್‌ಎಫ್, ಆಂಟಿ-ಸಿಸಿಪಿ ಎರಡೂ ಸಂಧಿವಾತ (ರುಮಟಾಯ್ಡ್ ಕೀಲುರೋಗ) ಪತ್ತೆಗೆ ನೆರವಾಗುವ ರಕ್ತಪರೀಕ್ಷೆಗಳು, ಟೈಟರ್ ಎಂದರೆ ಅದು ರಕ್ತದಲ್ಲಿ ಎಷ್ಟಿದೆ ಎಂಬ ಅಂಕಿ. ಆರ್‌ಎಫ್‌ಗೆ ನಮ್ಮಲ್ಲಿ ಲ್ಯಾಟೆಕ್ಸ್ ಸ್ಲೈಡ್ ಮಾತ್ರ ಇದೆ, ಅದು ಪಾಸಿಟಿವ್ ಅಥವಾ ನೆಗೆಟಿವ್ ಅಂತಷ್ಟೇ ಹೇಳುತ್ತದೆ. ಸಂಧಿವಾತ ಗುರುತಿಸುವ 2010ರ ಮಾನದಂಡದ ಪ್ರಕಾರ ಆರ್‌ಎಫ್ ಸಹಜ ಮೇಲ್ಮಿತಿ ದಾಟಿ ಅದರ 3 ಪಟ್ಟಿನವರೆಗೆ ಇದ್ದರೆ 2 ಅಂಕ, ಅದನ್ನೂ ದಾಟಿದರೆ 3. ಹಾಗಾಗಿ ಡಾಕ್ಟರಿಗೆ ಅಂಕಿ ಬೇಕೇ ಬೇಕು. ಹೆಪಟೈಟಿಸ್ ಸಿ ಇದ್ದವರಲ್ಲಿ, ವಯಸ್ಸಾದವರಲ್ಲಿ, ಕೆಲವೊಮ್ಮೆ ಚಿಕೂನ್‌ಗುನ್ಯಾ ಆದವರಲ್ಲೂ ಆರ್‌ಎಫ್ ಪಾಸಿಟಿವ್ ಬರುತ್ತದೆ. ಆಂಟಿ-ಸಿಸಿಪಿ ಅಷ್ಟು ಸುಲಭಕ್ಕೆ ದಾರಿ ತಪ್ಪಿಸದು. ಎರಡೂ ನೆಗೆಟಿವ್ ಇದ್ದರೂ ಸಂಧಿವಾತ ಇರಬಹುದು.

ಮಕ್ಕಳದ್ದೇ ನಮಗೆ ಹೆಚ್ಚು ಚಿಂತೆ. 16 ವರ್ಷದೊಳಗೆ ಶುರುವಾಗಿ 6 ವಾರ ಇಳಿಯದ ಕೀಲುಬಾವಿನಲ್ಲಿ ಆರ್‌ಎಫ್ ಬಹುತೇಕ ನೆಗೆಟಿವ್. ಪಾಸಿಟಿವ್ ಬಂದರೆ ಕನಿಷ್ಠ 3 ತಿಂಗಳು ಬಿಟ್ಟು ಮತ್ತೆ ನೋಡಬೇಕು. ಎಎನ್‌ಎ (ದೇಹದ ಸ್ವಂತ ಜೀವಕೋಶಗಳ ನ್ಯೂಕ್ಲಿಯಸ್ ವಿರುದ್ಧದ ಪ್ರತಿಕಾಯಗಳ ಪರೀಕ್ಷೆ) ಕೇಳುವುದು ಕಾಯಿಲೆ ಖಚಿತಪಡಿಸಲು ಅಲ್ಲ, ಕಣ್ಣಿನೊಳಗಿನ ಉರಿಯೂತದ ಅಪಾಯ ಅಳೆಯಲು. ಆ ಉರಿಯೂತ ಕೆಂಪು, ನೋವು ಏನೂ ಇಲ್ಲದೆ ದೃಷ್ಟಿ ಕೆಡಿಸುತ್ತದೆ, ಸ್ಲಿಟ್ ಲ್ಯಾಂಪಿನಲ್ಲೇ (ಕಣ್ಣಿನ ಡಾಕ್ಟರ ಸೂಕ್ಷ್ಮದರ್ಶಕ) ಕಾಣಬೇಕು.

ಕಾರವಾರ, ಕುಮಟಾ, ಹೊನ್ನಾವರದಲ್ಲಿ ಟರ್ಬಿಡಿಮೆಟ್ರಿಯಲ್ಲಿ (ದ್ರವ ಎಷ್ಟು ಮಸುಕಾಯಿತೆಂದು ಯಂತ್ರದಲ್ಲಿ ಅಳೆದು ಅಂಕಿ ಕೊಡುವ ವಿಧಾನ) ಆರ್‌ಎಫ್ ಮಾಡುವವರು ಇದ್ದೀರಾ? ಎಎನ್‌ಎ ಇಮ್ಯುನೊಫ್ಲೋರೆಸೆನ್ಸ್‌ನಲ್ಲೇ (ಹೊಳೆಯುವ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನ) ಆಗಬೇಕು. ಇಎಸ್‌ಆರ್ (ಉರಿಯೂತ ಸೂಚಿಸುವ ರಕ್ತಪರೀಕ್ಷೆ) ಇಲ್ಲೇ 4 ಗಂಟೆಯೊಳಗೆ ಹಾಕುತ್ತೇವೆ, ರಕ್ತ ಹಳತಾದರೆ ಅಂಕಿ ಸುಳ್ಳೇ ಇಳಿಯುತ್ತದೆ. ಸೀರಮ್ ಬೇರ್ಪಡಿಸಿ 2–8 ಡಿಗ್ರಿಯಲ್ಲಿ ಕಳಿಸಬಲ್ಲೆವು. ಜೆಲ್ ಪ್ಯಾಕಿಗೆ ಟ್ಯೂಬ್ ತಾಗಿ ಹೆಪ್ಪುಗಟ್ಟಿ ಕರಗುವುದು ಬೇಡ, ನಡುವೆ ದಪ್ಪ ಬಟ್ಟೆ ಇಡುವವರು ಬೇಕು. ಮಳೆಗಾಲದಲ್ಲಿ ಕುಮಟಾಕ್ಕೆ ಹೋಗುವ ದೇವಿಮನೆ ಘಟ್ಟ ಬಂದಾದರೆ ಹುಬ್ಬಳ್ಳಿಗೆ ದಿನಾ ಹೋಗುವ ಸ್ಯಾಂಪಲ್ ಗಾಡಿ ಯಾವುದಿದೆ? ಮಕ್ಕಳಿಗೆ 3 ತಿಂಗಳಿಗೊಮ್ಮೆ ಸ್ಲಿಟ್ ಲ್ಯಾಂಪ್ ನೋಡುವ ಕಣ್ಣಿನ ಡಾಕ್ಟರು ಹತ್ತಿರದಲ್ಲಿದ್ದರೆ ದಯವಿಟ್ಟು ಮೊದಲು ಅದನ್ನೇ ತಿಳಿಸಿ.