50 ಕಿ.ಮೀ. ಟ್ರಯಲ್ (ಕಚ್ಚಾ ದಾರಿಯ) ಓಟ ಮುಗಿದು ಹದಿನೈದೇ ದಿನಕ್ಕೆ 10 ಕಿ.ಮೀ. ರಸ್ತೆ ಓಟ: ಜೋರಾಗಿ ಓಡಬಹುದೇ?

ಜಯನಗರದ ಓಟಗಾರ್ತಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ಮಲ್ನಾಡ್ ಅಲ್ಟ್ರಾ ಎಂಬ ದೀರ್ಘ ಓಟದಲ್ಲಿ ಎಂಟು ದಿನಗಳ ಹಿಂದೆ, ಶನಿವಾರ, 50 ಕಿ.ಮೀ. ಓಡಿ ಮುಗಿಸಿದೆ. ನನಗೆ 41 ವರ್ಷ, ಇಷ್ಟು ದೂರ ಓಡಿದ್ದು ಇದೇ ಮೊದಲು. ಏರುಗಳಲ್ಲಿ ಬಹುಪಾಲು ನಡೆದೆ, ಆದರೆ ಇಳಿಜಾರುಗಳಲ್ಲಿ ಸಮಯ ಉಳಿಸುವ ಆಸೆಯಿಂದ, ಒದ್ದೆ ಎಲೆಗಳ ಕೆಳಗೆ ಸಡಿಲ ಕಲ್ಲುಗಳಿದ್ದರೂ, ಸಾಕಷ್ಟು ವೇಗವಾಗಿಯೇ ಇಳಿದೆ. ಮರುದಿನದಿಂದ ಮೂರು ದಿನ ಮನೆಯ ಮೆಟ್ಟಿಲುಗಳನ್ನು ಕಂಬಿ ಹಿಡಿದುಕೊಂಡು ಹಿಮ್ಮುಖವಾಗಿ ಇಳಿಯಬೇಕಾಯಿತು.

ಬರುವ ಭಾನುವಾರ ಬೆಂಗಳೂರಿನಲ್ಲಿ ಒಂದು 10 ಕಿ.ಮೀ. ರಸ್ತೆ ಓಟವಿದೆ. ಕಚೇರಿಯ ತಂಡದಲ್ಲಿ ನನ್ನ ಹೆಸರು ಮೊದಲೇ ಸೇರಿಹೋಗಿದೆ, ನಾಲ್ವರ ಸಮಯವನ್ನೂ ಕೂಡಿಸುತ್ತಾರೆ. ನನ್ನ ಅತ್ಯುತ್ತಮ ಸಮಯ 54 ನಿಮಿಷ. ಈಗ ನೋವು ಪೂರ್ತಿ ಹೋಗಿದೆ. ಇಂದು ಬೆಳಿಗ್ಗೆ ಲಾಲ್‌ಬಾಗಿನಲ್ಲಿ ನಿಧಾನವಾಗಿ 5 ಕಿ.ಮೀ. ಓಡಿದಾಗ ಉಸಿರು ಎಂದಿಗಿಂತ ಹಗುರವಾಗಿತ್ತು. ಆದರೆ ಕೊನೆಯಲ್ಲಿ ನೂರು ಮೀಟರಿನಷ್ಟು ವೇಗ ಹೆಚ್ಚಿಸಲು ನೋಡಿದರೆ ಕಾಲುಗಳು ಮರದ ಕೊರಡಿನಂತಾಗಿದ್ದವು. ಉಸಿರು ಸಿದ್ಧವಿದ್ದು ಕಾಲು ಸಿದ್ಧವಿಲ್ಲದಿದ್ದಾಗ ಯಾವುದರ ಮಾತು ಕೇಳಬೇಕು?

ಫಿಸಿಯೋ ಹಾಸನ

ಮೊದಲಿಗೆ ಅಭಿನಂದನೆಗಳು, ಮೇಡಂ. ಕಾಲಿನ ಮಾತನ್ನೇ ಕೇಳಿ.

ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಬ್ರೇಕಿನ ಕೆಲಸ ಮಾಡುತ್ತದೆ. ಅಂದರೆ ಬಿಗಿಯಾಗಿರುವಾಗಲೇ ಅದು ಎಳೆಯಲ್ಪಡುತ್ತದೆ, ಹಾಗೆ ಸಾವಿರಾರು ಬಾರಿ ಎಳೆಯಲ್ಪಟ್ಟಾಗ ಅದರ ಎಳೆಗಳಲ್ಲಿ ಸೂಕ್ಷ್ಮವಾದ ಹಾನಿಯಾಗುತ್ತದೆ. ಇದರ ನೋವು ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ದಿನ ಅತಿ ಹೆಚ್ಚಾಗಿದ್ದು ವಾರದೊಳಗೆ ಮಾಯವಾಗುತ್ತದೆ. ಬಲ ಮಾತ್ರ ಅಷ್ಟು ಬೇಗ ಮರಳುವುದಿಲ್ಲ, ನೋವು ಹೋದದ್ದನ್ನೇ ಚೇತರಿಕೆ ಎಂದುಕೊಂಡವರು ಎಡವುವುದು ಇಲ್ಲಿಯೇ. ಹಾನಿಗೊಂಡ ಸ್ನಾಯುವು ಗ್ಲೈಕೋಜನ್ (ಸ್ನಾಯುವಿನಲ್ಲಿ ಶೇಖರವಾಗುವ ಸಕ್ಕರೆಯ ಇಂಧನ) ತುಂಬಿಕೊಳ್ಳುವುದೂ ನಿಧಾನ, ಆದ್ದರಿಂದ ಚೆನ್ನಾಗಿ ಉಂಡರೂ ಕಾಲು ಖಾಲಿ ಖಾಲಿ ಎನಿಸಬಹುದು.

ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಪರ್ವತದ ಸುತ್ತಲಿನ 166 ಕಿ.ಮೀ. ಬೆಟ್ಟದ ಓಟದಲ್ಲಿ ಭಾಗವಹಿಸಿದ 22 ಅನುಭವಿ ಓಟಗಾರರನ್ನು ಫ್ರಾನ್ಸಿನ ಸಂಶೋಧಕ ಗಿಯೋಮ್ ಮಿಯೆ ಮತ್ತು ಸಂಗಡಿಗರು ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಓಟ ಮುಗಿದ ಕೂಡಲೇ ಮಂಡಿ ಚಾಚುವ ಸ್ನಾಯುಗಳ ಬಲ ಸುಮಾರು ಶೇ. 35ರಷ್ಟು, ಮೀನಖಂಡದ ಬಲ ಸುಮಾರು ಶೇ. 39ರಷ್ಟು ಕುಸಿದಿತ್ತು. ಅವರಲ್ಲಿ ಅರ್ಧದಷ್ಟು ಜನರನ್ನು 16 ದಿನಗಳವರೆಗೆ ಮತ್ತೆ ಮತ್ತೆ ಅಳೆದು ನೋಡಿದರು. ನಿಮ್ಮದು ಅದಕ್ಕಿಂತ ತೀರಾ ಚಿಕ್ಕ ಓಟ, ನಿಜ. ಆದರೆ ಆ ಓಟಗಾರರ ಕಾಲುಗಳು ವರ್ಷಗಟ್ಟಲೆ ಇಳಿಜಾರಿಗೆ ಪಳಗಿದ್ದವು, ನಿಮ್ಮವು ಮೊದಲ ಬಾರಿ ಆ ಪೆಟ್ಟು ತಿಂದಿವೆ.

ನನಗೆ ತೊಡೆಗಿಂತ ಮೀನಖಂಡದ ಬಗ್ಗೆಯೇ ಹೆಚ್ಚು ಆತಂಕ. ನಿಧಾನದ ಓಟದಲ್ಲಿ ಅದರ ದೌರ್ಬಲ್ಯ ಹೊರಬೀಳುವುದಿಲ್ಲ, 10 ಕಿ.ಮೀ. ಸ್ಪರ್ಧೆಯ ವೇಗಕ್ಕೆ ಏರಿ ಮುಂಗಾಲಿನಿಂದ ನೆಲವನ್ನು ಒದೆಯತೊಡಗಿದಾಗಲೇ ಮೀನಖಂಡಕ್ಕೂ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೂ ಪೂರ್ತಿ ಭಾರ ಬೀಳುತ್ತದೆ. ಇಂದು ಸಂಜೆ ಗೋಡೆಗೆ ಬೆರಳುಗಳನ್ನು ತಾಗಿಸಿ ನಿಂತು, ಒಂದೇ ಕಾಲಿನ ಮೇಲೆ ಹಿಮ್ಮಡಿಯನ್ನು ಪೂರ್ತಿ ಎತ್ತಿ ಇಳಿಸಿ. ಪ್ರತಿ ಕಾಲಿನಲ್ಲಿ ಎಷ್ಟು ಬಾರಿ ಸಾಧ್ಯವಾಯಿತೆಂದು ಎಣಿಸಿ ಇಲ್ಲಿ ಬರೆಯಿರಿ. ನೋವಿನ ಮಾತ್ರೆ ನುಂಗಿಯಂತೂ ಓಡಬೇಡಿ. ಐಬುಪ್ರೊಫೇನ್‌ನಂಥ ಮಾತ್ರೆಗಳು ನೀರಿನಂಶ ಕಡಿಮೆಯಾದ ದೇಹದಲ್ಲಿ ಮೂತ್ರಪಿಂಡಕ್ಕೆ ಅಪಾಯ ತರಬಲ್ಲವು. ಇದನ್ನು ಓದುವ ಇನ್ನಾರಿಗಾದರೂ ದೀರ್ಘ ಓಟದ ನಂತರ ಮೂತ್ರ ಕಡುಗಂದು ಬಣ್ಣಕ್ಕೆ ತಿರುಗಿದ್ದರೆ ಚರ್ಚೆ ಬಿಟ್ಟು ನೇರವಾಗಿ ವೈದ್ಯರ ಬಳಿಗೆ ಹೋಗಬೇಕು.

ಕಾಲುವೆ ದಂಡೆ, ಮೈಸೂರು

ಓಡಲೇಬಾರದು ಎಂಬ ತೀರ್ಮಾನಕ್ಕೆ ಬರುವ ಮುನ್ನ ನನ್ನ ಅನುಭವವನ್ನೂ ಕೇಳಿ. ಶ್ರೀರಂಗಪಟ್ಟಣದ ಕಾವೇರಿ ಟ್ರಯಲ್ ಮ್ಯಾರಥಾನ್‌ನಲ್ಲಿ 42 ಕಿ.ಮೀ. ಓಡಿದ ಎರಡೇ ವಾರಕ್ಕೆ 10 ಕಿ.ಮೀ. ರಸ್ತೆ ಓಟದಲ್ಲಿ ನನ್ನ ಜೀವನದ ಉತ್ತಮ ಸಮಯ ಬಂತು. ತಿಂಗಳುಗಟ್ಟಲೆ ಮಾಡಿದ ದೀರ್ಘ ಅಭ್ಯಾಸದ ಫಲ ದೇಹದಲ್ಲಿ ಹಾಗೆಯೇ ಇತ್ತು, ಆ ಎರಡು ವಾರ ಅನಿವಾರ್ಯವಾಗಿ ವಿಶ್ರಾಂತಿಯೂ ಸಿಕ್ಕಿತ್ತು.

ಆದರೆ ಫಿಸಿಯೋ ಅವರ ಮಾತನ್ನು ಓದಿದ ಮೇಲೆ ಒಂದು ವ್ಯತ್ಯಾಸವನ್ನು ಒಪ್ಪಲೇಬೇಕು. ಅದು ಕಾಲುವೆಯ ದಂಡೆಯ ಮಣ್ಣಿನ ದಾರಿ, ಬಹುತೇಕ ಸಮತಟ್ಟು. ಮಾರನೆಯ ದಿನ ನಾನು ಮೆಟ್ಟಿಲನ್ನು ನೇರವಾಗಿಯೇ ಇಳಿದೆ. ಎರಡನ್ನೂ ಟ್ರಯಲ್ ಎಂದೇ ಕರೆಯುತ್ತೇವೆ, ಆದರೆ ಕಾಲಿನ ಮಟ್ಟಿಗೆ ಅವು ಬೇರೆ ಬೇರೆ ಓಟಗಳೇ. ಎಷ್ಟು ದೂರ ಓಡಿದಿರಿ ಎನ್ನುವುದಕ್ಕಿಂತ ಎಷ್ಟು ಇಳಿದಿರಿ ಎನ್ನುವುದನ್ನು ಲೆಕ್ಕ ಹಾಕಿ.

ಹಳೆಯ ಬೂಟು

ನ್ಯೂಜಿಲೆಂಡಿನ ಜ್ಯಾಕ್ ಫಾಸ್ಟರ್ 1974ರಲ್ಲಿ, 41ನೆಯ ವಯಸ್ಸಿನಲ್ಲಿ, ಕಾಮನ್‌ವೆಲ್ತ್ ಕ್ರೀಡಾಕೂಟದ ಮ್ಯಾರಥಾನ್‌ನಲ್ಲಿ 2 ಗಂಟೆ 11 ನಿಮಿಷಗಳಲ್ಲಿ ಓಡಿ ಬೆಳ್ಳಿ ಗೆದ್ದವರು. ಸ್ಪರ್ಧಿಸಿದ ಪ್ರತಿ ಮೈಲಿಗೆ ಒಂದು ದಿನ ಸ್ಪರ್ಧೆಯಿಂದ ದೂರವಿರಬೇಕು ಎಂಬ ಸೂತ್ರವನ್ನು ಅವರ ಹೆಸರಿನಲ್ಲಿ ಹೇಳುತ್ತಾರೆ. ನಿಮ್ಮ 50 ಕಿ.ಮೀ.ಗೆ ಅದು 31 ದಿನವಾಗುತ್ತದೆ. ಇದು ವಿಜ್ಞಾನವಲ್ಲ, ಆದರೆ ಇಪ್ಪತ್ತು ವರ್ಷಗಳಿಂದ ಓಡುತ್ತಿರುವ ನಾನು ಇದನ್ನು ಮೀರಿದಾಗಲೆಲ್ಲ ಪಶ್ಚಾತ್ತಾಪಪಟ್ಟಿದ್ದೇನೆ. ಒಮ್ಮೆ ಹೀಗೆಯೇ ಹನ್ನೆರಡನೆಯ ದಿನ ಓಡಿದೆ. ಮೊದಲ ಮೂರು ಕಿ.ಮೀ. ಹಾರಿದಂತಿತ್ತು, ಆರನೆಯದರಲ್ಲಿ ಎಡ ಮೀನಖಂಡದೊಳಗೆ ಯಾರೋ ಕಲ್ಲೆಸೆದಂತಾಯಿತು, ತಿರುಗಿ ನೋಡಿದರೆ ಹಿಂದೆ ಯಾರೂ ಇರಲಿಲ್ಲ. ಏಳು ವಾರ ಓಟ ನಿಂತಿತು.

ತಂಡದವರಿಗೆ ಇಂದೇ ಹೇಳಿಬಿಡಿ. ಭಾನುವಾರ ಬೆಳಿಗ್ಗೆ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾದರೆ ಅವರು ಬೇರೊಬ್ಬರನ್ನು ಹುಡುಕಬಹುದು ಅಥವಾ ನಿಮ್ಮ ನಿಧಾನದ ಸಮಯವನ್ನು ಒಪ್ಪಿಕೊಳ್ಳಬಹುದು. ಕಾರ್ಬನ್ ಪ್ಲೇಟಿನ ಬೂಟು (ಅಟ್ಟೆಯೊಳಗೆ ಗಟ್ಟಿ ತಗಡಿರುವ, ಸ್ಪರ್ಧೆಯ ವೇಗಕ್ಕೆಂದೇ ಮಾಡಿದ ಬೂಟು) ಇದ್ದರೆ ಅದನ್ನು ಮನೆಯಲ್ಲೇ ಬಿಟ್ಟು, ದಿನನಿತ್ಯದ ಬೂಟಿನಲ್ಲಿ ಓಡಿ.

ಜಯನಗರದ ಓಟಗಾರ್ತಿ

ಎಲ್ಲರಿಗೂ ಧನ್ಯವಾದಗಳು. ಹಿಮ್ಮಡಿ ಎತ್ತುವ ಪರೀಕ್ಷೆ ಮಾಡಿದೆ: ಬಲಗಾಲಿನಲ್ಲಿ 24, ಎಡಗಾಲಿನಲ್ಲಿ 13. ಹದಿನಾಲ್ಕನೆಯ ಬಾರಿಗೆ ಎಡ ಹಿಮ್ಮಡಿ ನೆಲ ಬಿಟ್ಟು ಏಳಲೇ ಇಲ್ಲ, ನೋವೂ ಇರಲಿಲ್ಲ. ನಿಜ ಹೇಳಬೇಕೆಂದರೆ ಇದರಿಂದ ಗಾಬರಿಯಾಯಿತು.

ಫಿಸಿಯೋ ಹಾಸನ

ಇಷ್ಟು ಅಂತರವಿರುವಾಗ ಸ್ಪರ್ಧೆಯ ವೇಗ ಬೇಡ. ಓಡಲೇಬೇಕಿದ್ದರೆ ಉದ್ದಕ್ಕೂ ಪೂರ್ತಿ ವಾಕ್ಯ ಮಾತನಾಡಬಲ್ಲಷ್ಟು ವೇಗದಲ್ಲಿ ಮಾತ್ರ ಓಡಿ, ಎಡ ಮೀನಖಂಡ ಹಿಡಿದುಕೊಂಡ ಕ್ಷಣವೇ ನಡೆಯಲು ಆರಂಭಿಸಿ. ಈ ವಾರ ವೇಗದ ಅಭ್ಯಾಸ ಬೇಡವೇ ಬೇಡ, ದಿನ ಬಿಟ್ಟು ದಿನ ಎರಡೂ ಹಿಮ್ಮಡಿಗಳನ್ನು ಒಟ್ಟಿಗೆ ಎತ್ತುವ ವ್ಯಾಯಾಮ ಸಾಕು.

ಜಯನಗರದ ಓಟಗಾರ್ತಿ (ಭಾನುವಾರ ಸಂಜೆ)

ತಂಡದವರಿಗೆ ಮೊದಲೇ ತಿಳಿಸಿದ್ದೆ, ಯಾರೂ ಬೇಸರಿಸಲಿಲ್ಲ. ಮೊದಲ ಬಾರಿ 10 ಕಿ.ಮೀ. ಓಡುತ್ತಿದ್ದ ಸಹೋದ್ಯೋಗಿಯೊಬ್ಬಳ ಜೊತೆ ಮಾತನಾಡುತ್ತಲೇ 1 ಗಂಟೆ 7 ನಿಮಿಷದಲ್ಲಿ ಮುಗಿಸಿದೆ. ಏಳನೆಯ ಕಿ.ಮೀ.ನಲ್ಲಿ ಮೇಲ್ಸೇತುವೆಯಿಂದ ಇಳಿಯುವಾಗ, ಉಸಿರು ಎಷ್ಟೇ ಹಗುರವಾಗಿದ್ದರೂ, ಎರಡೂ ತೊಡೆಗಳು ನಡುಗಿದವು. ಅಲ್ಲಿ ಕಾಲು ನಡಿಗೆಯಲ್ಲೇ ಇಳಿದೆ. ಸಂಜೆ ಮತ್ತೆ ಎಣಿಸಿದೆ: ಬಲಗಾಲಿನಲ್ಲಿ 24, ಎಡಗಾಲಿನಲ್ಲಿ 17. ಎರಡೂ ಸಮವಾಗುವವರೆಗೆ ಯಾವ ಓಟಕ್ಕೂ ಹೆಸರು ಕೊಡುವುದಿಲ್ಲ.