ಬೇಸರ, ಆತಂಕ ಇಳಿಯೋಕೆ ನಡಿಗೆ: ಎಷ್ಟು ಹೊತ್ತು, ಎಷ್ಟು ಬಿರುಸು, ಮಳೆಗಾಲದಲ್ಲಿ ಹೇಗೆ?

ಪ್ರಶ್ನೆ: ಬೋರೆ ದಾರಿ, ಚಿಕ್ಕಮಗಳೂರು

ನಮ್ಮ ಬಡಾವಣೆಯ ಹದಿನೈದು ಜನಕ್ಕೆ 8 ವಾರದ ನಡಿಗೆ ಪಟ್ಟಿ ಹಾಕಬೇಕು. ವಯಸ್ಸು 30ರಿಂದ 65. ತೂಕದ ಮಾತಲ್ಲ, ನಿದ್ದೆ ಬರಲ್ಲ, ಎದೆ ಡವಡವ ಅನ್ನುತ್ತೆ, ಯಾವುದಕ್ಕೂ ಮನಸ್ಸಿಲ್ಲ ಅನ್ನೋರೇ ಹೆಚ್ಚು. ಇಬ್ಬರು ಮಾತ್ರೆ ತಗೋತಿದ್ದಾರೆ. ಊರಿನ ರತ್ನಗಿರಿ ಬೋರೆ (ಗುಡ್ಡ) ಹತ್ತಿಸಬಹುದಾ, ಮೈದಾನದ ಸುತ್ತು ಸಾಕಾ? ಜೂನ್ ಮಳೆ ಹಿಡಿದ ಮೇಲೆ ಏನು ಮಾಡೋದು?

ಫಿಸಿಯೋ, ಹಾಸನ

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ, ಜೊತೆಗೆ 2 ದಿನ ಸ್ನಾಯುಗಳಿಗೆ ಕೆಲಸ. ಅದು ಮುಟ್ಟಬೇಕಾದ ಜಾಗ, ಹೊರಡೋ ಜಾಗ ಅಲ್ಲ. ಮೊದಲ ಎರಡು ವಾರ ದಿನಕ್ಕೆ 10 ನಿಮಿಷ, ವಾರಕ್ಕೆ 5 ದಿನ. ಮೂರು, ನಾಲ್ಕನೇ ವಾರ 20 ನಿಮಿಷ. ಐದರಿಂದ 30. ಭಾನುವಾರ ಒಂದೇ ಸಲ ಒಂದೂವರೆ ಗಂಟೆ ನಡೆದು ಆರು ದಿನ ಕಾಲು ಹಿಡ್ಕೊಂಡು ಕೂರೋದಕ್ಕಿಂತ ದಿನಾ ಸ್ವಲ್ಪ ನಡೆಯೋದೇ ಮೇಲು.

ಬಿರುಸು ಅಳೆಯೋಕೆ ವಾಚ್ ಬೇಡ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಎರಡು ಮಾತಿಗೊಮ್ಮೆ ಉಸಿರು ಎಳೆಯೋ ಹಾಗಾದರೆ ನಿಧಾನ ಮಾಡಿಸಿ.

ಬೋರೆ ಮೊದಲ ತಿಂಗಳು ಬೇಡ ಸಾರ್. ಆತಂಕ ಇರೋರಿಗೆ ಏರಿನಲ್ಲಿ ಎದೆಬಡಿತ ಏರಿದ ಕೂಡಲೇ "ಮತ್ತೆ ಶುರುವಾಯ್ತು" ಅನ್ನಿಸುತ್ತೆ, ಮಾರನೇ ದಿನ ಬರಲ್ಲ. ಐದನೇ ವಾರದ ಮೇಲೆ ಅದೇ ಏರು ಔಷಧಿ ಇದ್ದ ಹಾಗೆ: 1 ನಿಮಿಷ ಹತ್ತೋದು, 2 ನಿಮಿಷ ಸಮತಟ್ಟಿನಲ್ಲಿ ನಿಧಾನ, ಹೀಗೆ 4 ಸಲ. ಎದೆ ಬಡಿದುಕೊಂಡರೂ ಏನೂ ಆಗಲ್ಲ, ತಾನಾಗಿ ಇಳಿಯುತ್ತೆ ಅನ್ನೋದನ್ನ ಮೈ ಅಲ್ಲೇ ಕಲಿಯುತ್ತೆ.

ವ್ಯಾಯಾಮದಲ್ಲಿ ಮೈಯಲ್ಲೇ ಹುಟ್ಟೋ, ನೋವು ತಗ್ಗಿಸೋ ಎಂಡಾರ್ಫಿನ್‌ನಿಂದ ಮನಸ್ಸು ಹಗುರ ಅಂತ ಎಲ್ಲರೂ ಹೇಳ್ತಾರೆ, ಆದರೆ ರಕ್ತದ ಎಂಡಾರ್ಫಿನ್ ಮೆದುಳಿಗೆ ಸುಲಭವಾಗಿ ದಾಟಲ್ಲ. ಮನಸ್ಸು ಹಗುರಾಗೋದಕ್ಕೆ ಒಂದೇ ಕಾರಣ ಇಲ್ಲ. ನಿದ್ದೆ ಆಳ ಆಗುತ್ತೆ, ಅದೇ ಅದೇ ಚಿಂತೆಯ ಸುತ್ತು ಮುರಿಯುತ್ತೆ, ಕೈಲಾದ ಒಂದು ಕೆಲಸ ದಿನದಲ್ಲಿ ಮುಗಿದಿರುತ್ತೆ. ನನ್ನ ಲೆಕ್ಕದಲ್ಲಿ ಕೊನೆಯದೇ ದೊಡ್ಡದು.

ಆಪ್ತಸಮಾಲೋಚಕಿ, ಹಾಸನ

ಮಾತ್ರೆ ತಗೊಳ್ಳೋ ಇಬ್ಬರ ಬಗ್ಗೆ. 1999ರ ಡ್ಯೂಕ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ 50 ದಾಟಿದ, ಖಿನ್ನತೆ ಇದ್ದ 156 ಜನ ಇದ್ದರು. ವಾರಕ್ಕೆ 3 ದಿನ, ದಿನಕ್ಕೆ 30 ನಿಮಿಷ ಬಿರುಸಿನ ನಡಿಗೆ ಅಥವಾ ಓಟ ಮಾಡಿದವರು 16 ವಾರದ ಕೊನೆಗೆ ಸರ್ಟ್ರಾಲಿನ್ ಅನ್ನೋ ಖಿನ್ನತೆಯ ಮಾತ್ರೆ ತಗೊಂಡವರಷ್ಟೇ ಸುಧಾರಿಸಿದರು. ಆದರೆ ಮೊದಲ ವಾರಗಳಲ್ಲಿ ಮಾತ್ರೆಯೇ ಬೇಗ ಕೆಲಸ ಮಾಡಿತು. ಹಾಗಾಗಿ ನಡಿಗೆ ಶುರುವಾಯ್ತು ಅಂತ ಯಾರೂ ತಾವಾಗಿ ಮಾತ್ರೆ ನಿಲ್ಲಿಸಬಾರದು. 8 ವಾರಕ್ಕೆ ನಿಮ್ಮ ಪಟ್ಟಿಯನ್ನೂ ಮುಗಿಸಬೇಡಿ.

ಅವರು ಲಿಥಿಯಂ (ಮನಸ್ಸಿನ ಏರಿಳಿತ ತಡೆಯೋ ಮಾತ್ರೆ) ತಗೋತಿದ್ದರೆ ಬೆವರಿದಾಗ ನೀರು ಕಡಿಮೆ ಆಗಬಾರದು. ಮೈಯಲ್ಲಿ ನೀರು ಇಳಿದರೆ ರಕ್ತದಲ್ಲಿ ಲಿಥಿಯಂ ಏರುತ್ತೆ. ಎದೆಬಡಿತ ತಗ್ಗಿಸೋ ಪ್ರೊಪ್ರನೊಲಾಲ್ ಮಾತ್ರೆ ಆದರೆ ನಾಡಿ ಅಷ್ಟಾಗಿ ಏರಲ್ಲ, ಆಗ ನಾಡಿ ಎಣಿಸಬೇಡಿ, ಮೇಲೆ ಹೇಳಿದ ಮಾತಿನ ಪರೀಕ್ಷೆಯನ್ನೇ ನಂಬಿ. ನಡೆಯುವಾಗ ಎದೆ ನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಬದುಕೇ ಬೇಡ ಅನ್ನೋ ಮಾತು ಯಾರ ಬಾಯಲ್ಲಾದರೂ ಬಂದರೆ ನಡಿಗೆ ಆಮೇಲೆ. ಒಂಟಿಯಾಗಿ ಬಿಡಬೇಡಿ, ಅವತ್ತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿ. ಹಗಲು ರಾತ್ರಿ ಸಿಗುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಇನ್ನೊಂದು, ಕಾಫಿ ಸೀಮೆಯವರಿಗೆ ಹೇಳಲೇಬೇಕು: ಸಂಜೆ ನಡಿಗೆ ಮುಗಿಸಿ ಸ್ಟ್ರಾಂಗ್ ಕಾಫಿ ಬೇಡ. ಕೆಫೀನಿನ ಅರ್ಧ ಸುಮಾರು 5 ಗಂಟೆ ಆದರೂ ಮೈಯಲ್ಲೇ ಇರುತ್ತೆ.

ಮಲೆನಾಡು ವ್ಯಾಯಾಮ

ಮಳೆಗೆ ಮನೆಯ ಒಂದು ಮೆಟ್ಟಿಲು ಸಾಕು. ಪಾದ ಪೂರ್ತಿ ಮೆಟ್ಟಿಲ ಮೇಲಿರಲಿ. ಬರೀ ಬೆರಳ ತುದಿ ಇಟ್ಟರೆ ಮೀನಖಂಡ ಹಿಡ್ಕೊಳ್ಳುತ್ತೆ. ಬಲಗಾಲು ಮೇಲೆ, ಎಡಗಾಲು ಮೇಲೆ, ಬಲಗಾಲು ಕೆಳಗೆ, ಎಡಗಾಲು ಕೆಳಗೆ. ನಿಮಿಷಕ್ಕೊಮ್ಮೆ ಮುಂದಿಡೋ ಕಾಲು ಬದಲಿಸಿ. 2 ನಿಮಿಷ ಹತ್ತಿ ಇಳಿದು, 1 ನಿಮಿಷ ನಿಂತಲ್ಲೇ ನಡಿಗೆ. 6 ಸಲಕ್ಕೆ 18 ನಿಮಿಷ. ಮಂಡಿ ನೋವಿದ್ದವರಿಗೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು, ಹತ್ತರಂತೆ ಮೂರು ಸಲ. ಪಾಚಿ ಕಟ್ಟಿದ ಅಂಗಳದಲ್ಲಿ ಏನೂ ಬೇಡ.

ಆದರೂ ಮಳೆ ಬಿಟ್ಟ ಹೊತ್ತಲ್ಲಿ, ಅದರಲ್ಲೂ ಬೆಳಿಗ್ಗೆ, ಹೊರಗೆ ಬರಲಿ. ಮೋಡ ಮುಚ್ಚಿದ್ದರೂ ಹೊರಗಿನ ಬೆಳಕು ಮನೆಯ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ, ರಾತ್ರಿ ನಿದ್ದೆಯ ಹೊತ್ತು ಸರಿಹೋಗೋದು ಅದರಿಂದ. ಶೂ ನೆಂದರೆ ಒಳಗೆ ಹಳೇ ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ. ನೆಂದ ಶೂ ನೆಪದಲ್ಲೇ ಮೂರು ದಿನ ಹೋಗಿಬಿಡುತ್ತೆ.

ಬೋರೆ ದಾರಿ, ಚಿಕ್ಕಮಗಳೂರು

ತುಂಬಾ ಉಪಕಾರ. ಮಧ್ಯ ಬಿಟ್ಟು ಹೋಗೋರನ್ನ ಹಿಡಿಯೋದು ಹೇಗೆ?

ಆಪ್ತಸಮಾಲೋಚಕಿ, ಹಾಸನ

ಮನಸ್ಸು ಬಂದಾಗ ಹೊರಡೋದು ಅಂತ ಇಟ್ಟರೆ ಯಾರೂ ಹೊರಡಲ್ಲ, ಖಿನ್ನತೆಯಲ್ಲಿ ಮನಸ್ಸು ಬರೋದೇ ಕೊನೆಗೆ. ಹೊತ್ತು ಗೊತ್ತು ಮಾಡಿ, ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರು ಇನ್ನೊಬ್ಬರ ಗೇಟಿನ ಹತ್ತಿರ ಹೋಗಿ ಕರೆಯಲಿ. ಹೊರಡೋ ಮುಂಚೆ ಮನಸ್ಸಿನ ಭಾರಕ್ಕೆ 0ಯಿಂದ 10ರೊಳಗೆ ಒಂದು ಅಂಕಿ, ಬಂದ ಮೇಲೆ ಇನ್ನೊಂದು, ಕ್ಯಾಲೆಂಡರಿನ ಆ ದಿನದ ಚೌಕದಲ್ಲೇ ಬರೆಸಿ. 7 ಇದ್ದದ್ದು 5 ಆದದ್ದು ಅವರ ಕೈಬರಹದಲ್ಲೇ ಇದ್ದರೆ ನೀವು ಹೇಳೋದೇ ಬೇಡ. ಎರಡು ದಿನ ತಪ್ಪಿದರೆ ಮತ್ತೆ 10 ನಿಮಿಷದಿಂದ ಹಿಡಿಯಲಿ, ತಪ್ಪಿದ್ದನ್ನ ಸೇರಿಸಿ ನಡೆಯೋದು ಬೇಡ.