ಬೋರ್ಡಿಗೂ ನಲ್ಲಿಗೂ ಒಂದೇ ಫಾರ್ವರ್ಡ್

(ನಮ್ಮ ಮನೆಯವರ ವಾಟ್ಸಾಪ್ ಗುಂಪು, ಬೆಂಗಳೂರು, 2024ರ ಮಾರ್ಚ್)

ಭಾವ: [ಫಾರ್ವರ್ಡ್] ಮಾರ್ಚ್ 31 ಆದ ಮೇಲೆ ಏರೇಟರ್ (ನೀರು ಕಡಿಮೆ ಬಿಡೋ ನಲ್ಲಿ ಜಾಲರಿ) ಇಲ್ಲದ ಮನೆಗೆ 5,000 ರೂಪಾಯಿ ದಂಡ! ಕನ್ನಡ ಬೋರ್ಡ್ ಇಲ್ಲದ ಅಂಗಡಿಗೆ ಬೀಗ! ಎಲ್ಲರಿಗೂ ಕಳಿಸಿ.

ಭಾವ: ನಲ್ಲೀಲಿ ನೀರಿಲ್ಲ, ಇವರಿಗೆ ಬೋರ್ಡಿನ ಚಿಂತೆ. ಹೋದ ತಿಂಗಳು ಅಂಗಡಿ ಬೋರ್ಡ್ ಕಿತ್ತು ಹೊಸದು ಹಾಕಿಸಿದ್ದೀನಿ. ಈಗ ನಲ್ಲಿಗೂ ಖರ್ಚು ಮಾಡಬೇಕಾ?

ನಾನು: ಭಾವ, ಇದರಲ್ಲಿ ಅರ್ಧ ತಪ್ಪು. ಏರೇಟರ್ ಕಡ್ಡಾಯ ಮಾಡಿರೋದು ಹೋಟೆಲ್, ಮಾಲ್, ಕಚೇರಿ, ಅಪಾರ್ಟ್‌ಮೆಂಟ್‌ನ ಸಾರ್ವಜನಿಕ ನಲ್ಲಿಗಳಿಗೆ. ಮನೆಯವರು ತಾವಾಗೇ ಹಾಕಿಸಿಕೊಳ್ಳಿ ಅಂದಿದ್ದಾರೆ, ಅಷ್ಟೇ. 5,000 ದಂಡ ಕುಡಿಯೋ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಬಿಟ್ಟರೆ. ಬೋರ್ಡ್ ನೋಡೋದು ಬಿಬಿಎಂಪಿ, ಅಂದ್ರೆ ನಗರ ಪಾಲಿಕೆ, ನೀರು ನೋಡೋದು ಜಲಮಂಡಳಿ. ಬೋರ್ಡ್ ಕೆಲಸ ನಿಲ್ಲಿಸಿದರೆ ನೀರೇನೂ ಬರಲ್ಲ.

ಅತ್ತಿಗೆ: ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಬಕೆಟ್ ತುಂಬೋ ನಲ್ಲಿಗೂ ಹಾಕಿಬಿಟ್ಟಿದ್ದಾರೆ. ಒಂದು ಬಕೆಟ್‌ಗೆ ಐದು ನಿಮಿಷ ಕಾಯಬೇಕು. ಬೋರ್ ನೀರು ಬೇರೆ, ಜಾಲರಿ ತುಂಬ ಬಿಳಿ ಸುಣ್ಣ ಕಟ್ಟಿಕೊಳ್ಳುತ್ತೆ.

ನಾನು: ಬಕೆಟ್ ನಲ್ಲಿಗೆ ಹಾಕಿದ್ದು ದಡ್ಡತನ ಅತ್ತಿಗೆ. ಬಕೆಟ್ ಹೇಗೂ ತುಂಬಲೇಬೇಕು, ಅಲ್ಲಿ ಒಂದು ಹನಿಯೂ ಉಳಿಯಲ್ಲ. ಕೈ ತೊಳೆಯೋ ಬೇಸಿನ್‌ಗೆ, ಪಾತ್ರೆ ತೊಳೆಯೋ ಸಿಂಕ್‌ಗೆ ಹಾಕಬೇಕು. ನಾನು ಸಿಂಕ್‌ನ ನಲ್ಲಿ ಕೆಳಗೆ ಒಂದು ಲೀಟರ್ ಜಗ್ ಇಟ್ಟು ನೋಡಿದೆ. ಏರೇಟರ್ ಹಾಕೋ ಮೊದಲು 5 ಸೆಕೆಂಡ್‌ಗೆ ತುಂಬುತ್ತಿತ್ತು, ಈಗ 15 ಸೆಕೆಂಡ್ ಬೇಕು. ಪಾತ್ರೆ ಅಷ್ಟೇ ಚೆನ್ನಾಗಿ ತೊಳೆಯುತ್ತೆ. ಜಾಲರೀನ ತಿಂಗಳಿಗೊಮ್ಮೆ ಬಿಚ್ಚಿ ವಿನಿಗರ್‌ನಲ್ಲಿ ನೆನೆಸಿಡಿ, ಸುಣ್ಣ ಬಿಡುತ್ತೆ.

ಚಿಕ್ಕಪ್ಪ, ಮಳವಳ್ಳಿ: ನಿಮಗೆ ಬರೋ ಕಾವೇರಿ ನಮ್ಮ ತಾಲ್ಲೂಕಿನ ಟಿ.ಕೆ. ಹಳ್ಳಿಯಿಂದ ಹೋಗೋದು ಕಣಪ್ಪ. ಹತ್ತಿರತ್ತಿರ ನೂರು ಕಿಲೋಮೀಟರ್. ಅಲ್ಲೊಂದು ಸಲ, ಹಾರೋಹಳ್ಳೀಲಿ ಒಂದು ಸಲ, ತಾತಗುಣೀಲಿ ಒಂದು ಸಲ ಪಂಪ್ ಮಾಡಿ ಎತ್ತಬೇಕು. ಈ ಬೇಸಿಗೇಲಿ ನಮ್ಮ ಬೆಳೆಗೆ ನಾಲೆ ನೀರಿಲ್ಲ. ಸಿಂಕ್‌ನಲ್ಲಿ ಸುಮ್ನೆ ಹರಿಸಬೇಡಿ.

ಭಾವ: ನೀರಿನ ಮಾತು ಒಪ್ಪಿದೆ ಚಿಕ್ಕಪ್ಪ. ಬೋರ್ಡ್? ಮೊದಲಿನದರಲ್ಲೂ ಕನ್ನಡ ಇತ್ತು, ಕೆಳಗಡೆ. ಈಗ ಮೇಲೇ ಇರಬೇಕು, ಬೋರ್ಡಿನಲ್ಲಿ ಶೇ. 60 ಕನ್ನಡವೇ ಇರಬೇಕು. ಫೆಬ್ರವರಿ 28 ಗಡುವು ಅಂತ ಅವಸರ ಮಾಡಿದರು. ಅವಸರದಲ್ಲಿ ಪ್ರಿಂಟ್ ಮಾಡಿದವನು ‘ಎಲೆಕ್ಟ್ರಿಕಲ್ಸ್’ನಲ್ಲಿ ಒತ್ತಕ್ಷರವನ್ನೇ ನುಂಗಿದ. ಮತ್ತೆ ದುಡ್ಡು ಕೊಟ್ಟೆ.

ಅಮ್ಮ [ವಾಯ್ಸ್ ಮೆಸೇಜ್, ಅಕ್ಕ ಬರೆದು ಹಾಕಿದ್ದು]: ನನಗೆ ಹಸಿರು ಪ್ಲಸ್ ಗುರುತು ಕಂಡರೆ ಮಾತ್ರ ಅದು ಔಷಧಿ ಅಂಗಡಿ ಅಂತ ಗೊತ್ತಾಗೋದು. ಕಣ್ಣಾಸ್ಪತ್ರೆ ಬೋರ್ಡ್ ಓದೋಕಾಗದೆ ಎರಡು ಸಲ ದಾಟಿ ಮುಂದೆ ಹೋಗಿದ್ದೀನಿ. ಕನ್ನಡ ದೊಡ್ಡದಾಗಿ ಬರೆಸೋಕೆ ಏನಪ್ಪಾ ಕಷ್ಟ?

ಭಾವ: ಅತ್ತೆ, ಕನ್ನಡಕ್ಕೆ ನಾನು ಬೇಡ ಅಂದೆನಾ? ಕೇಳೋರೇ ಇಲ್ಲ ಅಂತ ನನ್ನ ಬೇಜಾರು. ನೋಟಿಸ್ ಕೊಟ್ಟರು, ಹೋದರು. ಇನ್ನೊಂದು ತಿಂಗಳು ಟೈಮ್ ಕೊಡಿ ಅಂತ ಯಾರನ್ನು ಕೇಳಲಿ?

ನಾನು: ನಿಮ್ಮ ಈ ಮಾತು ನೂರಕ್ಕೆ ನೂರು ನಿಜ ಭಾವ. ನನಗೂ ಸಿಟ್ಟು ಬರೋದು ಇಲ್ಲೇ. ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಮೂರೂವರೆ ವರ್ಷ ಆಯ್ತು, ಚುನಾವಣೆ ಇಲ್ಲ, ಕಾರ್ಪೊರೇಟರ್ ಇಲ್ಲ. 2018ರ ಆಗಸ್ಟ್‌ನಲ್ಲಿ ಫ್ಲೆಕ್ಸ್ ಹಾವಳಿಗೆ ಹೈಕೋರ್ಟ್ ಗದರಿದಾಗ ನಿಷೇಧದ ನಿರ್ಣಯ ಕೌನ್ಸಿಲ್ ಸಭೆಯಲ್ಲೇ ಆಯ್ತು. ಯಾರು ಏನಂದರು ಅಂತ ಪೇಪರ್‌ನಲ್ಲಿ ಬಂತು. ಈಗ ಬರೀ ಆದೇಶ. ಬೋರ್ಡ್ ನಿಯಮವೂ ಬೇಕು, ಏರೇಟರೂ ಬೇಕು. ಆದರೆ ನಿಮ್ಮ ಒಂದು ತಿಂಗಳ ಟೈಮ್, ಅತ್ತಿಗೆಯ ಬಕೆಟ್ ನಲ್ಲಿ, ಇದನ್ನೆಲ್ಲ ಹೇಳಿಕೊಳ್ಳೋಕೆ ವಾರ್ಡ್‌ನಲ್ಲಿ ಒಬ್ಬರಾದರೂ ಬೇಕಲ್ವಾ?

ಅತ್ತಿಗೆ: ಬಕೆಟ್ ನಲ್ಲೀದು ತೆಗೀರಿ ಅಂತ ಭಾನುವಾರ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಹೇಳ್ತೀನಿ. ಜಗ್ ಲೆಕ್ಕ ಸರಿಯಾಗಿ ಬರೆದು ಕಳಿಸು.

ಭಾವ: ಫಾರ್ವರ್ಡ್ ಡಿಲೀಟ್ ಮಾಡಿದೆ. ಅಂಗಡಿಯವರ ಗುಂಪಿಗೂ ಹಾಕಿದ್ದೆ, ಅಲ್ಲೂ ತೆಗೆದು ನೀನು ಬರೆದಿದ್ದನ್ನ ಹಾಕ್ತೀನಿ. ಬೋರ್ಡ್ ದುಡ್ಡಿನ ಬೇಜಾರು ಮಾತ್ರ ಹೋಗಿಲ್ಲ.